ಒಂದೂಕಾಲು ಫೂಟಿನ ಕಿಟಕಿ

ನನಗೆ ಒಂದು ಕೆಟ್ಟ ವಿದ್ಯೆ ಇದೆ. ಯಾರ ದನಿಯನ್ನೇ ಆಗಲಿ ನಾಲ್ಕು ದಿನ ಕೇಳಿದರೆ ಸಾಕು, ಐದನೆಯ ದಿನ ಅದು ನನ್ನ ಗಂಟಲಲ್ಲಿ ಬಿಡಾರ ಹೂಡಿರುತ್ತದೆ. ಮಾಮಲೇದಾರರು ಮಾತು ತೋಚದಾಗ ಕೆಮ್ಮುವ ಕೆಮ್ಮು, ಪೋಸ್ಟ್ ಮಾಸ್ತರರು ಮೂಗಿನಿಂದಲೇ ಆಡುವ ಮಾತು, ನನ್ನ ಹೆಂಡತಿ ತವರಿಗೆ ಹೋಗುವ ವಿಷಯ ತೆಗೆಯುವಾಗಿನ ಆ ಮೆತ್ತನೆಯ ರಾಗ, ಎಲ್ಲವೂ ನನ್ನ ಹತ್ತಿರ ಇವೆ. ಇಲ್ಲದ್ದು ಒಂದೇ, ನನ್ನದೆನ್ನುವ ದನಿ. ನಾನು ಬಾದಾಮಿಯ ಸಾಲಿಯಲ್ಲಿ ಮಾಸ್ತರ. ಹುಡುಗರನ್ನು ಬೈಯುವಾಗ ನನಗೆ ಹೆಡ್ ಮಾಸ್ತರರ ದನಿ ಬರುತ್ತದೆ. ಹೆಡ್ ಮಾಸ್ತರರ ಮುಂದೆ ನಿಂತಾಗ ಹುಡುಗರ ದನಿ ಬರುತ್ತದೆ. ಇಂಥವನು ಕಲ್ಲಿನ ಮನೆಯಲ್ಲಿ ವಾಸವಾಗಿದ್ದರೆ ಊರಿಗೆ ಅಪಾಯವಿಲ್ಲ. ಕಲ್ಲಿನ ಗೋಡೆ ಗಂಭೀರ ಸ್ವಭಾವದ್ದು, ಕೇಳಿದ್ದನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಸುಮ್ಮನಿರುತ್ತದೆ. ಆದರೆ ನಾನಿರುವುದು ಕಟ್ಟಿಗೆಯ ಮನೆಯಲ್ಲಿ. ಇಲ್ಲಿ ಮೇಲೆ ಕೂತು ಆಕಳಿಸಿದರೆ ಕೆಳಗೆ ಪಡಸಾಲೆಯಲ್ಲಿದ್ದವನಿಗೆ ನಿದ್ದೆ ಬರುತ್ತದೆ.

ಬಾದಾಮಿಯನ್ನು ಕಂಡವರಿಗೆ ಇಲ್ಲಿ ಕಟ್ಟಿಗೆಯ ಮನೆ ಎಂದರೆ ಎಂಥ ಹುಚ್ಚುತನ ಎಂದು ಹೇಳಬೇಕಾಗಿಲ್ಲ. ಇಲ್ಲಿ ಗುಡ್ಡ ಕಲ್ಲು, ಗುಡಿ ಕಲ್ಲು, ಮನೆ ಕಲ್ಲು. ಹುಡುಗರು ಜಗಳವಾಡಿದರೆ ಮೊದಲು ಕೈಗೆ ಸಿಗುವುದೂ ಕಲ್ಲು. ಅಂಥ ಊರಿನಲ್ಲಿ ನಮ್ಮಪ್ಪನ ತಮ್ಮ, ಭೀಮಣ್ಣ ಕಾಕಾ, ಸಾಗವಾನಿಯ ಮನೆ ಕಟ್ಟಿದರು. ಬುನಾದಿ ಮಾತ್ರ ಕಲ್ಲಿನದು, ಅದಕ್ಕೂ ಅವರು ಮನಸ್ಸಿಲ್ಲದೆ ಒಪ್ಪಿದ್ದು. ಅದರ ಮೇಲೆ ಕಂಬ, ತೊಲೆ, ನೆಲದ ಹಲಗೆ, ಮೆಟ್ಟಿಲು, ಬೀದಿಯ ಕಡೆಗಿನ ಇಡೀ ಮೇಲಂತಸ್ತು, ಎಲ್ಲ ಕಟ್ಟಿಗೆ. ಹಳಿಯಾಳದ ಅಡವಿಯಲ್ಲಿ ಬೆಳೆದ ಮರಗಳು ರೈಲು ಹತ್ತಿ ಬಂದು, ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಊರಿಗೆ ಮೆರವಣಿಗೆ ಬಂದಾಗ ಜನ ದಾರಿಯ ಎರಡೂ ಕಡೆ ನಿಂತು ನೋಡಿದ್ದರು. ಇಷ್ಟು ಕಟ್ಟಿಗೆ ಯಾತಕ್ಕೆ, ಭೀಮರಾಯರು ಹಡಗು ಕಟ್ಟುತ್ತಾರೇನು, ಕೆರೆಗೆ ಬಿಡುತ್ತಾರೇನು ಎಂದು ಕೇಳಿದವರೂ ಇದ್ದರು. ಹಾಗೆ ಕೇಳಿದವರ ಮಕ್ಕಳೇ ಈಗ ಊರಿಗೆ ಬಂದ ಬೀಗರನ್ನು ಕರೆತಂದು, ಗುಹೆ ತೋರಿಸಿದ ಮೇಲೆ ನಮ್ಮ ಮನೆ ತೋರಿಸುತ್ತಾರೆ.

ನನ್ನ ತೊಂದರೆ ಇರುವುದು ಇಲ್ಲಿಯೇ. ಬಂದವರು ಕಂಬದ ಕೆತ್ತನೆ ನೋಡಿ ತಲೆದೂಗುತ್ತಾರೆ, ಮೊಳೆ ಇಲ್ಲದೆ ಕೂಡಿಸಿದ ಮೆಟ್ಟಿಲು ನೋಡಿ ಬೆರಗಾಗುತ್ತಾರೆ. ಅದೆಲ್ಲ ಸರಿ. ಆಮೇಲೆ ಮೇಲೆ ಹತ್ತಿ ಬೀದಿಯ ಕಡೆಯ ನಾಲ್ಕು ಕಿಟಕಿಗಳ ಮುಂದೆ ಬಂದು ನಿಲ್ಲುತ್ತಾರೆ. ನಿಂತವರಿಗೆ ಆ ಕಿಟಕಿಗಳಿಂದ ಎದುರು ಮನೆಯ ಕಟ್ಟೆ, ಅದರ ಮೇಲೆ ಬಿಚ್ಚಿಟ್ಟ ಚಪ್ಪಲಿ, ಇಷ್ಟೇ ಕಾಣುತ್ತದೆ. ಕೂತರೆ ಇಡೀ ಬೀದಿ ಕಾಣುತ್ತದೆ. ಕಿಟಕಿಯ ಕೆಳಗಿನ ಪಟ್ಟಿ ನೆಲದಿಂದ ಒಂದೂಕಾಲು ಫೂಟು ಎತ್ತರದಲ್ಲಿದೆ. ಕಿಟಕಿಯ ಮೇಲೆ ಕಟ್ಟಿಗೆಯ ಜಾಳಿಗೆ. ಕೆಳಗಿನಿಂದ ಗಾಳಿ ಒಳಗೆ ಬರುತ್ತದೆ, ಮೇಲಿನಿಂದ ಕಾವು ಹೊರಗೆ ಹೋಗುತ್ತದೆ. ಚೈತ್ರದಲ್ಲಿ ಊರೆಲ್ಲ ಹಂಚಿನ ಮೇಲಿನ ಭಕ್ಕರಿಯಂತೆ ಬೇಯುವಾಗ ನಮ್ಮ ಮೇಲಂತಸ್ತಿನಲ್ಲಿ ಹೊದ್ದುಕೊಂಡು ಮಲಗಬಹುದು. ಇಂಥ ಯುಕ್ತಿ ಭೀಮರಾಯರಿಗೆ ಹೇಗೆ ಹೊಳೆಯಿತು ಎಂದು ಎಲ್ಲರೂ ಕೇಳುತ್ತಾರೆ. ನಾನು ರುಮಾಲು ಸರಿ ಮಾಡಿಕೊಂಡು, ಕಾಕಾರ ದನಿ ತೆಗೆದು, ಕಾಕಾರೇ ಹೇಳಿದ ಹಾಗೆ ಒಂದು ಭಾಷಣ ಮಾಡುತ್ತೇನೆ. ಕಳೆದ ವರ್ಷ ಬಾಗಲಕೋಟೆಯಿಂದ ಬಂದ ಒಬ್ಬ ಎಳೆಯ ಎಂಜಿನಿಯರ, ನನ್ನ ಭಾಷಣ ಕೇಳಿ, ತನ್ನ ಅಳತೆಪಟ್ಟಿ ಹಚ್ಚಿ ನೋಡಿ, ಸ್ವಲ್ಪ ಕಡಿಮೆ ಬರುತ್ತದಲ್ಲ ಎಂದ. ನಿಮ್ಮ ಪಟ್ಟಿ ಸವೆದಿರಬೇಕು ಎಂದೆ. ಅವನು ದೊಡ್ಡವರ ಮನೆಯ ಹುಡುಗ, ಪಟ್ಟಿ ಮಡಿಚಿ ಜೇಬಿಗೆ ಹಾಕಿಕೊಂಡ.

ಅವನಿಗೆ ಅಷ್ಟು ಧೈರ್ಯವಾಗಿ ಹೇಳಲು ನನಗೆ ಕಾರಣವಿತ್ತು. ಆ ಒಂದೂಕಾಲು ಫೂಟು ಕಾಕಾರದ್ದಲ್ಲ. ಅದು ನನ್ನದು. ಊರಿಗೆ ಊರೇ ಹೊಗಳುವ ಆ ಮನೆಯಲ್ಲಿ ಅದೊಂದು ಅಳತೆ ನಾನು ಮಾಡಿದ ಕಿಡಿಗೇಡಿತನ. ಇಷ್ಟು ವರ್ಷ ಇದನ್ನು ಮನೆಯ ಹೊರಗೆ ಯಾರಿಗೂ ಹೇಳದೆ, ಒಳಗೊಳಗೇ ಬೆಲ್ಲದ ಹರಳಿನಂತೆ ಚೀಪುತ್ತ ಬಂದಿದ್ದೆ.

ಕಾಕಾ ಪುಣೆಯಲ್ಲಿ ಓದಿ ಸರಕಾರದ ಓವರಸಿಯರ್ ಆದವರು. ಕೃಷ್ಣೆಯಿಂದ ಮಲಪ್ರಭೆಯವರೆಗೆ ಕಲ್ಲಿನ ಸೇತುವೆ, ಕಲ್ಲಿನ ಕಚೇರಿ, ಸಾಹೇಬರು ಇಳಿದುಕೊಳ್ಳುವ ಕಲ್ಲಿನ ಬಂಗಲೆ ಕಟ್ಟಿಸಿ ಕಟ್ಟಿಸಿ ಅವರಿಗೆ ಕಲ್ಲೆಂದರೆ ಬೇಸರ ಬಂದಿತ್ತು. ಆದರೆ ಕಟ್ಟಿಗೆಯ ಮನೆಯ ಹುಚ್ಚು ಹತ್ತಿದ್ದು ಅದರಿಂದಲ್ಲ, ಪ್ಲೇಗಿನಿಂದ. ಪ್ಲೇಗು ಬಂದ ವರ್ಷ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಲ್ಲ, ಆಗ ಕಾಕಾ ಮತ್ತು ಅವರ ಹೆಂಡತಿ, ನಮ್ಮ ಕಾಕು, ಸ್ಟೇಶನ್ನಿನ ದಾರಿಯ ಪಕ್ಕದಲ್ಲಿ ಮೂರು ತಿಂಗಳು ಇದ್ದರು. ಬಿದಿರಿನ ಗಳ, ಜೋಳದ ದಂಟಿನ ತಟ್ಟಿ. ಒಂದು ಕಡೆ ತಟ್ಟಿಯನ್ನು ಎಮ್ಮೆ ತಿಂದುಹಾಕಿದ್ದರಿಂದ ಕೂತವರ ಎತ್ತರಕ್ಕೆ ಒಂದು ಕಂಡಿಯಾಗಿತ್ತು. ಕಾಕುಗೆ ಆಗಲೇ ಮೊಳಕಾಲು ಹಿಡಿದಿದ್ದವು, ಕೂತರೆ ಏಳುವುದು ಕಷ್ಟ, ಎದ್ದರೆ ಕೂಡುವುದು ಕಷ್ಟ. ಇಪ್ಪತ್ತು ವರ್ಷ ಕಲ್ಲಿನ ಮನೆಯ ನಡುಮನೆಯಲ್ಲಿ, ಮೇಲಿನ ಬೆಳಕಿಂಡಿಯಿಂದ ಬೀಳುವ ಒಂದು ರೊಟ್ಟಿಯಗಲದ ಬಿಸಿಲು ನೋಡುತ್ತ ಕೂತಿದ್ದ ಆಕೆ ಆ ಕಂಡಿಯ ಪಕ್ಕದಲ್ಲಿ ಕೂತು, ಹೋಗುವ ಬರುವವರನ್ನು ನೋಡಿ, ಅವರ ನಡಿಗೆಗೆ ಒಂದೊಂದು ಹೆಸರಿಟ್ಟು, ಇಡೀ ದಿನ ನಗುತ್ತಿದ್ದರಂತೆ. ಸುತ್ತಲೂ ಸಾವಿನ ಸುದ್ದಿ, ನಡುವೆ ಈಕೆಯ ನಗು. ಪ್ಲೇಗು ಮುಗಿದು ಮನೆಗೆ ಮರಳಿದ ದಿನ ಕಾಕು ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ಅಷ್ಟೇ. ಮರುದಿನ ಕಾಕಾ ಕಾಗದ ಬಿಚ್ಚಿ ನಕಾಶೆ ಬರೆಯತೊಡಗಿದರು.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ. ನಾನು ಆ ಮನೆಗೆ ಬಂದದ್ದು ಮ್ಯಾಟ್ರಿಕ್ಕಿನಲ್ಲಿ ನಪಾಸಾದ ವರ್ಷ. ನಪಾಸಾದದ್ದು ಗಣಿತದಲ್ಲಿ. ಈಗ ಸಾಲಿಯಲ್ಲಿ ಗಣಿತವನ್ನೇ ಕಲಿಸುತ್ತೇನೆ, ಆ ಮಾತು ಬೇರೆ. ನಮ್ಮಪ್ಪ ನನ್ನ ಮುಖ ನೋಡಲಾರದೆ, ಭೀಮಣ್ಣನ ಮನೆ ಕಟ್ಟುವ ಕೆಲಸದಲ್ಲಾದರೂ ನಾಲ್ಕು ಅಳತೆ ಕಲಿಯಲಿ ಎಂದು ಬಾಗಲಕೋಟೆಯಿಂದ ರೈಲು ಹತ್ತಿಸಿದ. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬಾದಾಮಿಯ ಗುಡ್ಡದ ತುಂಬ ಮಂಗಗಳಿದ್ದರೂ ಅಣ್ಣ ಇನ್ನೊಂದನ್ನು ಯಾಕೆ ಕಳಿಸಿದ ಎಂದರು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮಂಗನಾದರೂ ಇರಲಿ ಎಂದು ಕಾಕು ಒಳಗೆ ಕರೆದುಕೊಂಡರು.

ಮನೆಯ ಕೆಲಸ ನಡೆಯುತ್ತಿದ್ದ ರೀತಿ ನೋಡುವ ಹಾಗಿತ್ತು. ಬಡಿಗತನದ ಯಜಮಾನ ಗುಡೂರಿನ ಹುಸೇನಸಾಬ ಮಿಸ್ತ್ರಿ. ಕಾಕಾರ ಎಷ್ಟೋ ಸೇತುವೆಗಳಿಗೆ ಕಟ್ಟಿಗೆಯ ಕಮಾನು ಕಟ್ಟಿಕೊಟ್ಟವರು, ಇಪ್ಪತ್ತು ವರ್ಷದ ಸ್ನೇಹ. ಈ ಮಿಸ್ತ್ರಿ ನಕಾಶೆಯನ್ನು ಮುಟ್ಟುತ್ತಿರಲಿಲ್ಲ. ಕಾಗದದ ಮೇಲೆ ಬರೆದದ್ದು ಕಾಗದದ ಮನೆ, ನನಗೆ ಬಾಯಿಂದ ಹೇಳಿರಿ ಎನ್ನುವರು. ಅದಕ್ಕೆ ಕಾಕಾ ಮೇಲಂತಸ್ತಿನ ಅರ್ಧ ಹಾಸಿದ ಹಲಗೆಗಳ ಮೇಲೆ ನಕಾಶೆ ಹರವಿಕೊಂಡು ಕೂತು ಅಳತೆ ಕೂಗುವರು. ಕೆಳಗೆ ಅಂಗಳದಲ್ಲಿ ಮಿಸ್ತ್ರಿ ಅದನ್ನು ತಿರುಗಿ ಕೂಗುವರು. ಕಾಕಾ "ಹೂಂ, ಕೊಯ್ಯಿ" ಎನ್ನುವರು. ಆ ಮಾತು ಬಾರದೆ ಗರಗಸ ಕಟ್ಟಿಗೆಗೆ ತಾಗುತ್ತಿರಲಿಲ್ಲ. ಆದರೆ ಕಾಕಾರದ್ದು ಒಂದು ಚಾಳಿ. "ಹೂಂ, ಕೊಯ್ಯಿ" ಎಂದು ಒಂದು ಚಿಟಿಕೆ ನಶ್ಯ ಏರಿಸಿ, ಅದು ತಲೆಗೆ ಮುಟ್ಟುವಷ್ಟರಲ್ಲಿ ಮನಸ್ಸು ಬದಲಾಗಿ, "ತಡಿ! ಒಂದ ಬೆರಳ ಕಮ್ಮಿ ಮಾಡು" ಎನ್ನುವರು. ಇಲ್ಲವೆ ಹೆಚ್ಚು ಮಾಡು ಎನ್ನುವರು. ಮಿಸ್ತ್ರಿ ಗರಗಸ ಎತ್ತಿ ಹಿಡಿದುಕೊಂಡು ಆ "ತಡಿ"ಗಾಗಿ ಕಾಯುವುದನ್ನು ರೂಢಿ ಮಾಡಿಕೊಂಡಿದ್ದರು. ಊರ ಹುಡುಗರು ಕಾಕಾರಿಗೆ ಹಿಂದಿನಿಂದ ತಡಿರಾಯ ಎನ್ನುತ್ತಿದ್ದರು. ಹೆಸರು ಇಟ್ಟವರು ಯಾರು ಎಂದು ದಯವಿಟ್ಟು ಕೇಳಬೇಡಿ.

ಕಿಟಕಿಗಳ ವಿಷಯದಲ್ಲಿ ಮಾತ್ರ ಕಾಕಾರಿಗೆ ಎರಡು ಮನಸ್ಸು ಇರಲಿಲ್ಲ. ಕೆಳಗಿನ ಪಟ್ಟಿ ನೆಲದಿಂದ ಮೂರು ಫೂಟು. ಸರಕಾರಿ ಬಂಗಲೆಗಳಿಗೆಲ್ಲ ಅದೇ ಅಳತೆ, ಕೈಗೆ ಅದೇ ರೂಢಿ. ಒಂದು ದಿನ ಊಟಕ್ಕೆ ಬಡಿಸುತ್ತ ಕಾಕು, ಖಿಡಕಿ ಅಷ್ಟು ಎತ್ತರ ಯಾಕೆ ಎಂದು ಮೆಲ್ಲಗೆ ಕೇಳಿದರು. ಕಾಕಾ ತಟ್ಟೆಯಿಂದ ತಲೆ ಎತ್ತದೆ, ಕುರ್ಚಿ ಮೇಲೆ ಕೂತವರಿಗೆ ಅದೇ ಸರಿ ಎಂದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಕಾಕಾರ ರುಮಾಲು ಕೂಡುತ್ತಿತ್ತು. ಕಾಕು ಮತ್ತೆ ಕೇಳಲಿಲ್ಲ. ಕೆಲಸದವರ ಎದುರು ಗಂಡನಿಗೆ ಎದುರಾಡುವ ಹೆಂಗಸು ಅಲ್ಲ ಆಕೆ. ಎರಡು ದಿನ ಬಿಟ್ಟು ನನ್ನನ್ನು ಅಡಿಗೆಮನೆಗೆ ಕರೆದು ಎರಡು ಶೇಂಗಾದ ಉಂಡಿ ಕೊಟ್ಟರು. ಬೆಳಗಿನ ಪಾಲು ಆಗಲೇ ಕೊಟ್ಟಾಗಿತ್ತು, ಇದು ಹೆಚ್ಚಿನದು ಎಂಬುದು ಆಗ ನನಗೆ ಹೊಳೆಯಲಿಲ್ಲ. ಗೋಡೆಗೆ ಒರಗಿ ಕೂತು, ಮೊಳಕೈಯನ್ನು ಒಂದು ಡಬ್ಬಿಯ ಮೇಲೆ ಆನಿಸಿ, "ವೆಂಕ್ಯಾ, ಕಾಕಾನ ಪಟ್ಟಿ ಹಿಡಿದು ನೋಡು, ಇದು ನೆಲದಿಂದ ಎಷ್ಟ ಆತು" ಎಂದರು. ಹಿಡಿದು ನೋಡಿದೆ. ಒಂದೂಕಾಲು ಫೂಟು. "ಹೌದೇನು" ಎಂದು ಸುಮ್ಮನೆ ಡಬ್ಬಿ ತೆಗೆದಿಟ್ಟರು. ಗಣಿತದಲ್ಲಿ ನಪಾಸಾದವನ ಕೈಯಲ್ಲಿ ಅಳತೆ ಮಾಡಿಸಿ ಪರೀಕ್ಷೆ ನೋಡುತ್ತಿದ್ದಾರೆ ಎಂದು ನಾನು ತಿಳಿದೆ.

ಅದರ ಮರುದಿನ ಮಧ್ಯಾಹ್ನ ಕಾಕಾ ಛತ್ರಿ ಹಿಡಿದು ಹಿತ್ತಿಲ ಬಾಗಿಲಿನಿಂದ ಟಪಾಲು ಕಚೇರಿಗೆ ಹೋದರು. ನಾನು ಮೇಲೆ ಹಲಗೆಗಳ ಮೇಲೆ ಒಬ್ಬನೇ ಇದ್ದೆ. ನಕಾಶೆ ಬಿಚ್ಚಿಯೇ ಇತ್ತು, ನಶ್ಯದ ಡಬ್ಬಿ ಅದರ ಮೂಲೆಗೆ ಭಾರವಾಗಿ ಕೂತಿತ್ತು. ಕೆಳಗೆ ಮಿಸ್ತ್ರಿ ಕಿಟಕಿಗಳ ಕೆಳಗೆ ನಿಲ್ಲಿಸುವ ಎಂಟು ಗಿಡ್ಡ ಕಂಬಗಳನ್ನು ಸಾಲಾಗಿ ಮಲಗಿಸಿಕೊಂಡು, ಅಳತೆ ಯಾವಾಗ ಬರುತ್ತದೆಂದು ಮೇಲೆ ಮುಖ ಮಾಡಿದ್ದರು. ಹಲಗೆಗಳ ಸಂದಿಯಿಂದ ಅವರ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ಹದಿನೆಂಟು ವರ್ಷದ ನಕಲಿಯವನಿಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇಕೆ? ಒಂದು ಅಳತೆ ಕೂಗಬೇಕು, ಮಿಸ್ತ್ರಿ ಅದನ್ನು ತಿರುಗಿ ಕೂಗಬೇಕು, ನಾನು ಮುಖ ತೋರಿಸಿ ನಗಬೇಕು, ಇಷ್ಟೇ ನನ್ನ ಯೋಜನೆ. ಯಾವ ಅಳತೆ? ನಾಲಿಗೆಯ ಮೇಲೆ ಹಿಂದಿನ ದಿನದ್ದು ಇನ್ನೂ ಶೇಂಗಾದ ಜತೆಗೆ ಅಂಟಿಕೊಂಡಿತ್ತು. ಗಂಟಲು ಸರಿಮಾಡಿಕೊಂಡು, "ಹುಸೇನಾ, ಖಿಡಕಿ ಗಿಡ್ಡಗಂಬ, ಒಂದೂಕಾಲು ಫೂಟು" ಎಂದೆ. ಕೆಳಗೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಮಿಸ್ತ್ರಿ ನಿಧಾನವಾಗಿ, "ಒಂದೂಕಾಲು ಫೂಟು" ಎಂದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ದನಿ ಎಷ್ಟು ಸೊಗಸಾಗಿ ಬಂದಿತ್ತೆಂದರೆ ಅದನ್ನು ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. "ಹೂಂ, ಕೊಯ್ಯಿ" ಎಂದುಬಿಟ್ಟೆ. "ತಡಿ" ಎನ್ನಲಿಲ್ಲ. ಆ ಚಾಳಿ ಕಾಕಾರ ಕಲೆಯಲ್ಲಿದ್ದ ಒಂದು ಕುಂದು, ಅದನ್ನು ತಿದ್ದಿಯೇ ನಕಲು ಮಾಡಬೇಕೆಂಬ ಸೊಕ್ಕು ನನಗೆ. ನಾನು ಕಚ್ಚೆ ಸರಿಮಾಡಿಕೊಂಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮೊದಲನೆಯ ಕಂಬ ತುಂಡಾಗಿ ಬಿದ್ದಿತ್ತು. ಬಾಯಿ ತೆರೆದೆ. ದನಿ, ಯಾರದ್ದೂ, ಬರಲಿಲ್ಲ. ಹಿತ್ತಿಲಿಗೆ ಹೋಗಿ ಕೂತೆ. ಗರಗಸದ ಸದ್ದು ಎಂಟು ಸಲ ಎದ್ದು ಎಂಟು ಸಲ ನಿಂತಿತು.

ಕಾಕಾ ಮರಳಿ ಬಂದು ಎಂಟು ಮೋಟು ಕಂಬಗಳನ್ನು ನೋಡಿದರು. ನಾನು ಮೂರು ಫೂಟು ಎಂದು ನೂರು ಸಲ ಹೇಳಿದ್ದೆ ಎಂದರು. ನನಗೆ ಮೇಲಿನಿಂದ ಒಂದೂಕಾಲು ಎಂದು ಕೇಳಿಸಿತು, ತಿರುಗಿ ಕೂಗಿದೆ, ಕೊಯ್ಯಿ ಎಂದು ಬಂತು, ಕೊಯ್ದೆ ಎಂದು ಮಿಸ್ತ್ರಿ ಹೇಳಿದರು. ನಾನು ಮನೆಯಲ್ಲೇ ಇರಲಿಲ್ಲ ಎಂದರು ಕಾಕಾ. ಅದು ನನಗೆ ಹೇಗೆ ಗೊತ್ತಾಗಬೇಕು, ದನಿ ಇತ್ತು ಎಂದರು ಮಿಸ್ತ್ರಿ. ಹಾಗೆ ಮಾತಿಗೆ ಮಾತು ಬೆಳೆದು, ಕಾಕಾ ಆಡಬಾರದ ಒಂದು ಮಾತು ಆಡಿದರು. "ಹುಸೇನಾ, ನಿನ್ನ ಕಿವಿಗೆ ವಯಸ್ಸಾತು." ಮಿಸ್ತ್ರಿ ಉಳಿ, ಬಾಚಿ, ಗರಗಸ ಎಲ್ಲ ಚೀಲಕ್ಕೆ ಹಾಕಿ, "ಕಿವಿಗೆ ಆಗಿದ್ರ ಕೈಗೂ ಆಗಿರ್ತದ್ರೀ ರಾಯರ. ಬ್ಯಾರೆ ಮಿಸ್ತ್ರಿ ನೋಡ್ಕೋರಿ" ಎಂದು ಹೊರಟುಬಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ಊಟ ಮಾಡದೆ ನಮ್ಮ ಮನೆಯಿಂದ ಹೊರಟದ್ದು ಅದೇ ಮೊದಲು.

ಕೆಲಸ ನಿಂತಿತು. ಮಳೆಗಾಲಕ್ಕೆ ತಿಂಗಳು ಉಳಿದಿತ್ತು, ಮೇಲೆ ಹಂಚು ಹೊದಿಸಿರಲಿಲ್ಲ, ವಾಸ್ತುಶಾಂತಿಗೆ ದಿನ ಗೊತ್ತಾಗಿತ್ತು. ಬೇರೆ ಮಿಸ್ತ್ರಿಯೊಬ್ಬ ಬಂದು ಮನೆಯ ಸುತ್ತ ಎರಡು ಸುತ್ತು ತಿರುಗಿ, ಇದನ್ನು ಕೂಡಿಸಿದವನೇ ಮುಗಿಸಬೇಕು ಎಂದು ಎಲೆಯಡಿಕೆ ಹಾಕಿಕೊಂಡು ಹೋದ. ಕಾಕಾ ದಿನವೂ ಮೇಲೆ ಹೋಗಿ ನಕಾಶೆಯ ಮುಂದೆ ಕೂಡುವರು. ಯಾರಿಗೆ ಅಳತೆ ಕೂಗಬೇಕು? ಒಮ್ಮೊಮ್ಮೆ ತಮ್ಮಷ್ಟಕ್ಕೆ "ತಡಿ" ಎನ್ನುವರು. ಆ ದನಿ ಕಟ್ಟಿಗೆಯ ಕಂಬಗಳ ನಡುವೆ ತಿರುಗಿ ತಿರುಗಿ ಕೆಳಗೆ ಇಳಿದು ಬರುವಾಗ ನಾನು ಹಿತ್ತಿಲಿಗೆ ಎದ್ದು ಹೋಗುತ್ತಿದ್ದೆ. ದಿನವೂ ಯಾರದಾದರೂ ನಕಲಿ ಮಾಡು ಎನ್ನುತ್ತಿದ್ದ ಕಾಕುವೂ ಕೇಳುವುದನ್ನು ಬಿಟ್ಟಿದ್ದರು. ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಹೋಗಿ ಕಾಕಾರ ಮುಂದೆ ನಿಂತೆ.

"ಕಾಕಾ, ಆ ಅಳತಿ ಕೂಗಿದಾಂವ ನಾ."

"ನೀ ಕೂಗಿದ್ರ ಹುಸೇನ ಯಾಕ ಕೊಯ್ತಾನ?"

"ನನ್ನ ದನಿಯೊಳಗ ಕೂಗಲಿಲ್ರಿ. ನಿಮ್ಮ ದನಿಯೊಳಗ ಕೂಗಿದೆ."

ಕಾಕಾ ನಶ್ಯದ ಡಬ್ಬಿ ಕೆಳಗಿಟ್ಟರು. "ಹೆಂಗ ಕೂಗಿದಿ, ಕೂಗು ನೋಡೋಣು" ಎಂದರು. ಗಲ್ಲಿಗೇರುವವನಿಗೆ ಹಾಡು ಹೇಳೆಂದ ಹಾಗಾಯಿತು ನನಗೆ. ಕಣ್ಣು ಮುಚ್ಚಿಕೊಂಡು ಕೂಗಿದೆ. ಕಾಕಾ ಕೆಳಗೆ ಅಡಿಗೆಮನೆಯ ಕಡೆ ಮುಖ ಮಾಡಿ, "ಏನ, ಕೇಳಿಸ್ತೇನು? ನಾ ಹಿಂಗ ಮಾತಾಡ್ತೀನೇನು?" ಎಂದು ಕೇಳಿದರು. ಕೆಳಗಿನಿಂದ ಕಾಕು ಹೇಳಿದರು: "ಯಾರು ಕೂಗಿದ್ದು? ನೀವ ಅಂತ ಸುಮ್ಮನಿದ್ದೆ."

ನಾನು ಬೆನ್ನು ಗಟ್ಟಿ ಮಾಡಿಕೊಂಡು ಏಟಿಗೆ ಕಾದೆ. ಏಟು ಬರಲಿಲ್ಲ, ಪ್ರಶ್ನೆ ಬಂತು. ಅಷ್ಟು ಅಳತೆಗಳಿರುವಾಗ ಒಂದೂಕಾಲೇ ಎಲ್ಲಿಂದ ಸಿಕ್ಕಿತು ಎಂದರು. ಡಬ್ಬಿಯ ಮೇಲೆ ಆನಿಸಿದ ಮೊಳಕೈಯ ವಿಷಯ ಹೇಳಿದೆ. ಕಾಕಾ ನಕಾಶೆಯ ಮೇಲಿನ ಕಿಟಕಿಯನ್ನೊಮ್ಮೆ ನೋಡಿದರು. ಎದ್ದು ಹೋಗಿ ಕಾಕುವನ್ನು ಕರೆದರು. ಆಕೆ ಮೊಳಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ದೇವರ ಹೆಸರು ಹೇಳುತ್ತ ಮೇಲೆ ಬಂದರು. ಬೀದಿಯ ಕಡೆ ಮುಖ ಮಾಡಿ ಕೂತುಕೋ ಎಂದರು ಕಾಕಾ. ಕೂತರು. ಕಾಕಾ ಒಂದು ಮೋಟು ಕಂಬ ತರಿಸಿ ಆಕೆಯ ಪಕ್ಕದಲ್ಲಿ ನಿಲ್ಲಿಸಿದರು. ಕಾಕು ಅದರ ತಲೆಯ ಮೇಲೆ ಮೊಳಕೈ ಇಟ್ಟರು, ಗದ್ದವನ್ನು ಅಂಗೈಯಲ್ಲಿ ಇಟ್ಟರು. ಇನ್ನೂ ಗೋಡೆಯಿಲ್ಲದ ಆ ಕಡೆಯಿಂದ ಸಂತೆಗೆ ಹೋಗುವ ಜನ ಕಾಣುತ್ತಿದ್ದರು. ಒಬ್ಬ ಕೊಡೆಯಷ್ಟು ದೊಡ್ಡ ರುಮಾಲಿನವನು ಎಡವಿ ಸಾವರಿಸಿಕೊಂಡು, ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದ. ಕಾಕು ಫಕ್ಕನೆ ನಕ್ಕರು. ಗುಡಿಸಲು ಬಿಟ್ಟು ಬಂದ ಮೇಲೆ ಆ ನಗುವನ್ನು ಕಾಕಾ ಕೇಳಿರಲಿಲ್ಲವಂತೆ. ಯಾವ ನಗುವಿಗಾಗಿ ಹಳಿಯಾಳದಿಂದ ಮರ ತರಿಸಿದ್ದರೋ ಅದಕ್ಕೇ ಸಾಹೇಬರ ಅಳತೆಯ ಗೋಡೆ ಕಟ್ಟಲು ಹೊರಟಿದ್ದರು. ಆಮೇಲೆ ಅವರು ನನಗೆ ಹೇಳಿದ್ದು ಎರಡೇ ಮಾತು: "ಚಕ್ಕಡಿ ಹೂಡಸು."

ಗುಡೂರಿಗೆ ಒಂದು ಹಗಲಿನ ದಾರಿ. ಮಿಸ್ತ್ರಿಯ ಮನೆಯ ಮುಂದೆ ನನ್ನನ್ನು ಚಕ್ಕಡಿಯಲ್ಲೇ ಇರು ಎಂದು ತಾವೊಬ್ಬರೇ ಇಳಿದು ಹೋದರು. ಎತ್ತುಗಳ ಬಾಲದ ನಡುವಿನಿಂದ ನಾನು ನೋಡಿದೆ. ಬೇವಿನ ಮರದ ಕೆಳಗೆ ಕಾಕಾ ಏನೋ ಹೇಳಿದರು. ಮಿಸ್ತ್ರಿಯ ಗಡ್ಡ ಅಲ್ಲಾಡಿತು. ಕಾಕಾ ನಶ್ಯ ಏರಿಸಿ ಮತ್ತೇನೋ ಹೇಳಿದರು. ಈ ಸಲ ಮಿಸ್ತ್ರಿ ಬೇವಿನ ಮರ ಹಿಡಿದುಕೊಂಡು ನಕ್ಕರು. ನನ್ನ ಮಂಗತನ ಹೇಳಿ ಕ್ಷಮೆ ಕೇಳಿದರು, ಅದಕ್ಕೆ ನಗುತ್ತಿದ್ದಾರೆ ಎಂದು ತಿಳಿದು ಚಕ್ಕಡಿಯಲ್ಲಿ ಇನ್ನಷ್ಟು ತಗ್ಗಿ ಕೂತೆ. ಮರುದಿನ ಮಿಸ್ತ್ರಿ ಚೀಲದೊಂದಿಗೆ ನಮ್ಮ ಜತೆಗೇ ಬಂದರು. ಕಿಟಕಿ ಕೆಳಗಿಳಿದದ್ದರಿಂದ ಮೇಲೆ ಉಳಿದ ಜಾಗಕ್ಕೆ ಏನು ಮಾಡಬೇಕೆಂದು ಕಾಕಾ ಹೊಸ ಕಾಗದ ತೆಗೆದು ಜಾಳಿಗೆ ಬರೆದರು. ಊರು ಹೊಗಳುವ ತಂಪು ಹುಟ್ಟಿದ್ದು ಆ ಕಾಗದದಲ್ಲಿ. ನನ್ನ ಹತ್ತಿರ ಒಬ್ಬರೂ ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಎರಡನೆಯ ಕಿಟಕಿ. ಬೆಳಿಗ್ಗೆ ಕೆಲಸ ಮುಗಿಸಿ ಕಾಕು ಅಲ್ಲಿ ಬಂದು ಕೂಡುವರು. ಬಳೆಗಾರ ಕೆಳಗೆ ನಿಂತು ಮೇಲಕ್ಕೆ ಬಳೆ ತೋರಿಸುವನು. ಇಳಕಲ್ಲಿನ ಸೀರೆ ಹೊತ್ತು ಬಂದವರು ಸೆರಗನ್ನು ಬೀದಿಯಲ್ಲೇ ಬಿಚ್ಚಿ ಹಿಡಿಯುವರು, ಕಾಕು ಮೇಲಿನಿಂದ ದಡಿ ನೋಡಿ ಊರ ಹೆಂಗಸರ ಪರವಾಗಿ ಚೌಕಾಶಿ ಮಾಡುವರು. ಸಾಲಿ ಬಿಟ್ಟು ನಾನು ಬರುವಾಗ ಬೀದಿಯ ತಿರುವಿನಲ್ಲೇ ನನ್ನ ನಡಿಗೆ ನೋಡಿ, ಇವತ್ತು ಹೆಡ್ ಮಾಸ್ತರ ಬೈದಾನ ಎಂದು ಹೇಳುವರು. ಸಂಜೆ ಕಾಕಾ ಬಂದು, ಕುರ್ಚಿಯ ಮೇಲಿನ ರುಮಾಲು ಎಬ್ಬಿಸದೆ, ಆಕೆಯ ಪಕ್ಕದಲ್ಲಿ ನೆಲಕ್ಕೇ ಕೂಡುವರು. ಇಬ್ಬರೂ ಕೂಡಿ ದಾರಿಹೋಕರಿಗೆ ಹೆಸರಿಡುವರು. ಕೆಳಗೆ ನಾನು ಹುಡುಗರ ಪಾಟಿ ತಿದ್ದುತ್ತಿದ್ದರೆ ಹಲಗೆಗಳ ಸಂದಿಯಿಂದ ಆ ನಗು ಹೊಟ್ಟಿನ ಹಾಗೆ ಉದುರುತ್ತಿತ್ತು. ಈಗ ಕಾಕಾ ಹೋಗಿ ಮೂರು ವರ್ಷ, ಕಾಕು ಹೋಗಿ ಒಂದು. ಎರಡನೆಯ ಕಿಟಕಿಯ ಪಟ್ಟಿಯಲ್ಲಿ ಒಂದು ಜಾಗ ಮಾತ್ರ ಗಾಜಿನಂತೆ ಹೊಳೆಯುತ್ತದೆ. ನೋಡಲು ಬಂದವರು ಬೆರಳಾಡಿಸಿ, ಇದಕ್ಕೆ ಯಾವ ಎಣ್ಣೆ ಹಚ್ಚಿಸಿದ್ದೀರಿ ಎಂದು ಕೇಳುತ್ತಾರೆ. ಅದು ಕಾಕುವಿನ ಮೊಳಕೈ.

ಇಷ್ಟು ದಿನ ಚೀಪಿದ ಬೆಲ್ಲ ಕರಗಿದ್ದು ಹೋದ ವಾರ. ಮೆಟ್ಟಿಲಿನ ಒಂದು ಹಲಗೆಗೆ ಹುಳ ಹಿಡಿದಿದೆಯೆಂದು ಹುಸೇನಸಾಬ ಮಿಸ್ತ್ರಿಗೆ ಹೇಳಿಕಳಿಸಿದ್ದೆ. ಈಗ ಕಣ್ಣು ಮಂಜಾಗಿದ್ದರೂ, ಈ ಮನೆಗೆ ಬೇರೆಯವರ ಉಳಿ ತಾಗಬಾರದೆಂದು ಅವರೇ ಬಂದು ಕೆಳಗೆ ಹಲಗೆ ಬಿಚ್ಚುತ್ತಿದ್ದರು. ಅದೇ ಹೊತ್ತಿಗೆ ಇಳಕಲ್ಲಿನಿಂದ ಮಲ್ಲೇಶಪ್ಪನೆಂಬ ಸೀರೆ ವ್ಯಾಪಾರಿ ಬಂದ. ತನ್ನೂರಲ್ಲಿ ಇಂಥದೇ ಮನೆ, ಇಂಥವೇ ಕಿಟಕಿ ಕಟ್ಟಿಸಬೇಕಂತೆ, ತಾಯಿಗೆ ವಯಸ್ಸಾಗಿದೆಯಂತೆ. ಮೇಲೆ ಕರೆದೊಯ್ದು, ಗಂಟಲು ಸರಿಮಾಡಿಕೊಂಡು, ಕಾಕಾರ ದನಿಯಲ್ಲಿ ಇಡೀ ಭಾಷಣ ಒಪ್ಪಿಸಿದೆ. ಒಂದೂಕಾಲು ಫೂಟು, ಒಂದು ಕೂದಲೂ ಹೆಚ್ಚಲ್ಲ, ಒಂದು ಕೂದಲೂ ಕಡಿಮೆಯಲ್ಲ ಎಂದೆ. ಮಲ್ಲೇಶಪ್ಪ ಭಕ್ತಿಯಿಂದ ಬರೆದುಕೊಂಡು, ಕೈಮುಗಿದು ಇಳಿದು ಹೋದ. ನಾನು ಮೀಸೆ ತಿರುವುತ್ತ ಕೆಳಗೆ ಬಂದೆ.

ಮಿಸ್ತ್ರಿ ಉಳಿಯ ಮೇಲಿನ ಹೊಟ್ಟು ಊದಿ ಹೇಳಿದರು: "ವೆಂಕಣ್ಣಾ, ರಾಯರ ದನಿ ಚಲೋ ತಗೀತೀ. ಆವತ್ತೂ ಚಲೋ ತಗದಿದ್ದಿ."

ಸೊಕ್ಕು ನನ್ನನ್ನು ಬಿಡಬೇಕಲ್ಲ. "ಆವತ್ತ ನೀವು ಮೋಸ ಹೋದ್ರಿ ಬಿಡ್ರಿ, ಚಾಚಾ" ಎಂದೆ.

"ಮೋಸ ಹೋಗಾಕ ನಾ ಏನ ನಿನ್ನ ಸಾಲಿ ಹುಡುಗನೇನು? ಇಪ್ಪತ್ತ ವರ್ಷದಾಗ ರಾಯರು ತಡಿ ಅನ್ನಲಾರದ ಒಂದ ಅಳತಿ ಕೊಟ್ಟಿದ್ರೇನು? ಗರಗಸ ಎತ್ತಿ ಹಿಡದು ಕಾದೆ. ತಡಿ ಬರಲಿಲ್ಲ. ನೀನ ಅಂತ ಅಲ್ಲೇ ಗೊತ್ತಾತು."

ಹಾಗಾದರೆ ಕೊಯ್ದದ್ದು ಯಾಕೆ ಎಂದು ಕೇಳುವ ಹೊತ್ತಿಗೆ ನನ್ನ ಮೀಸೆ ತಾನಾಗಿ ಇಳಿದಿತ್ತು. ಅವರು ಹೇಳಿದ್ದಿಷ್ಟು. ಹಿಂದಿನ ದಿನ ನಾನು ಪಟ್ಟಿ ಹಿಡಿದು ಕಾಕುವಿನ ಮೊಳಕೈ ಅಳೆಯುವಾಗ ಅವರು ಹಿತ್ತಿಲ ಬಾಗಿಲಲ್ಲಿ ನೀರು ಕುಡಿಯುತ್ತಿದ್ದರು. ಮೂರು ಫೂಟಿನ ಕಿಟಕಿ ಬೇಡವೆಂದು ತಾವೂ ಕಾಕಾರಿಗೆ ಎರಡು ಸಲ ಹೇಳಿ ಸೋತಿದ್ದರು. ಮರುದಿನ ಅದೇ ಅಳತೆ ಮೇಲಿನಿಂದ ಬಂದಾಗ, ಇದು ಆ ತಾಯಿಯದೇ ಮಾತು, ಬೇರೆ ಬಾಯಿಂದ ಬಂತು ಎಂದುಕೊಂಡು ಕೊಯ್ದರು. ಸಿಟ್ಟು ಮಾಡಿ ಹೋದದ್ದೂ ಬೇಕೆಂದೇ. ಅಲ್ಲೇ ಇದ್ದಿದ್ದರೆ ಕಾಕಾ ಹೊಸ ಕಟ್ಟಿಗೆ ತರಿಸಿ ಮೂರು ಫೂಟಿಗೇ ಕೊಯ್ಯಿಸುತ್ತಿದ್ದರು. "ನಾ ಹ್ವಾದ ಮ್ಯಾಲ ಕುಂತು ನೋಡಿದ್ರು. ನೋಡಲಿ ಅಂತನ ಹೋದೆ. ಕಿವಿ ಮಾತು ಮಾತ್ರ ಖರೇನ ಹತ್ತಿತ್ತು ನನಗ" ಎಂದರು.

"ಮತ್ತ ಬೇವಿನ ಮರದ ಕೆಳಗ ಕಾಕಾ ಏನಂದ್ರು? ನನ್ನ ಹೆಸರು ಹೇಳಿದ್ರಲ್ಲ?"

"ನಿನ್ನ ಹೆಸರು ಯಾಕ ಹೇಳ್ತಾರ? ಚಕ್ಕಡಿ ಇಳದು ಬಂದು, ಹುಸೇನಾ, ಆ ಅಳತಿ ನಂದ, ನನಗ ಮರವಾಗಿತ್ತು ಅಂದ್ರು." ಮಿಸ್ತ್ರಿ ಉಳಿ ಕೆಳಗಿಟ್ಟರು. ಆ ಮಂಜುಗಣ್ಣಲ್ಲಿ ಹಳೆಯ ನಗು ಇಣುಕಿತು. "ಆಮ್ಯಾಲ ನಶ್ಯಾ ಏರಿಸಿ, ತಡಿ, ಒಂದ ಬೆರಳ ಕಮ್ಮಿ ಮಾಡು ಅಂದ್ರು."

ನಾನು ಮೆಟ್ಟಿಲು ಹಾರಿ ಮೇಲೆ ಹೋದೆ. ಕಾಕಾರ ಹಳೆಯ ಪಟ್ಟಿ ಹಿಡಿದು ನೋಡಿದೆ. ನಾಲ್ಕೂ ಕಿಟಕಿ ಒಂದೂಕಾಲು ಫೂಟಿಗೆ ಕಡಿಮೆ. ಒಂದೂಕಾಲಿನ ಗೆರೆಗೂ ಕಿಟಕಿಗೂ ನಡುವೆ ಉಳಿದ ಸಂದಿಗೆ ನನ್ನ ಬೆರಳು ಇಟ್ಟರೆ ಇನ್ನೂ ಸ್ವಲ್ಪ ಜಾಗ ಉಳಿಯಿತು, ಕಾಕಾರ ಬೆರಳು ನನ್ನದಕ್ಕಿಂತ ದಪ್ಪ. ಬಾಗಲಕೋಟೆಯ ಆ ಹುಡುಗನ ಪಟ್ಟಿ ಸವೆದಿರಲಿಲ್ಲ. ಇಷ್ಟು ವರ್ಷ ಈ ಮನೆಯಲ್ಲೇ ತಿಂದು, ಮಲಗಿ, ಊರಿಗೆಲ್ಲ ಲೆಕ್ಕ ಕಲಿಸಿದ ಮಾಸ್ತರ ಒಂದು ಸಲ ಬಗ್ಗಿ ಅಳೆದು ನೋಡಿರಲಿಲ್ಲ. ಅಳತೆ ಕಾಕುವಿನದು, ಕೊಯ್ದದ್ದು ಮಿಸ್ತ್ರಿ, ತನ್ನದೆಂದು ಒಪ್ಪಿ ತಿದ್ದಿದ್ದು ಕಾಕಾ. ನನ್ನದು ಬರೀ ಬಾಯಿ, ಅದರಿಂದಲೂ ಯಾರೂ ಮೋಸ ಹೋಗಿರಲಿಲ್ಲ.

ಆಗ ಮಲ್ಲೇಶಪ್ಪ ನೆನಪಾದ. ಎರಡನೆಯ ಕಿಟಕಿಯಲ್ಲಿ ಕೂತು ಬಗ್ಗಿ ನೋಡಿದೆ. ಅವನ ಚಕ್ಕಡಿ ಬೀದಿಯ ತಿರುವಿಗೆ ಮುಟ್ಟಿತ್ತು. ಹೊಳೆಯುವ ಪಟ್ಟಿಯ ಮೇಲೆ ಮೊಳಕೈ ಊರಿ, ಯಾರ ದನಿ ತೆಗೆಯಲಿ ಎಂದು ಯೋಚಿಸಲೂ ಹೊತ್ತಿಲ್ಲದೆ, "ತಡೀ!" ಎಂದು ಕೂಗಿದೆ. ಚಕ್ಕಡಿ ನಿಂತಿತು. ಕೆಳಗೆ ಹಲಗೆಯ ಸಂದಿಯಿಂದ ಮಿಸ್ತ್ರಿಯ ಮಾತು ಬಂತು: "ಈಗ ಬಂತು ನೋಡು, ರಾಯರ ದನಿ."

ಓಡಿ ಹೋಗಿ, ಏದುಸಿರು ಬಿಡುತ್ತ, ಒಂದು ಬೆರಳು ಕಮ್ಮಿ ಮಾಡಿರಿ ಎಂದು ಮಲ್ಲೇಶಪ್ಪನಿಗೆ ಹೇಳಿದೆ. ಅವನು ಪುಸ್ತಕ ಬಿಚ್ಚಿ, ಸೀಸದಕಡ್ಡಿ ನಾಲಿಗೆಗೆ ಹಚ್ಚಿಕೊಂಡು, ವ್ಯಾಪಾರಿಯಲ್ಲವೆ, "ಯಾರ ಬೆರಳ್ರಿ?" ಎಂದು ಕೇಳಿದ. ಕಾಕಾರ ಬೆರಳು ನಾನೆಲ್ಲಿಂದ ತರಲಿ? ಅಳತೆಪಟ್ಟಿ ಮನೆಯ ಮೇಲಂತಸ್ತಿನಲ್ಲೇ ಉಳಿದಿತ್ತು. ಒಂದು ಗಳಿಗೆ ಅತ್ತಿತ್ತ ನೋಡಿ, ನನ್ನದೇ ಬೆರಳನ್ನು ಅವನ ಪುಸ್ತಕದ ಮೇಲೆ ಅಡ್ಡ ಇಟ್ಟೆ. ಅವನು ಎರಡೂ ಮಗ್ಗುಲಿಗೆ ಗೆರೆ ಎಳೆದುಕೊಂಡ. ಇಳಕಲ್ಲಿನ ಆ ಮನೆ ಎದ್ದು ನಿಂತ ಮೇಲೆ ಹೋಗಿ ನೋಡಬೇಕು. ಅದರಲ್ಲಾದರೂ ನನ್ನದು ಅಂತ ಒಂದು ಬೆರಳು ಇರುತ್ತದೆ.